ಮಕ್ಕಳ ಧ್ವನಿತಂತುಗಳ ಚಲನೆ ಮತ್ತು ಶ್ರವಣಾತೀತ ಧ್ವನಿ

ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಉಸಿರಾಟದ ನಳಿಕೆಯನ್ನು ತೆಗೆದಾಗ ಕೆಲವು ಶಿಶುಗಳ ಅಳು ಕ್ಷೀಣವಾಗಿ ಇಲ್ಲವೆ ಗೊಗ್ಗರಾಗಿ ಕೇಳಿಸುವುದುಂಟು. ನಳಿಕೆಯ ಒತ್ತಡದಿಂದ ಗಂಟಲು ಬಾತಿರುವುದು ಇದಕ್ಕೆ ಕಾರಣವಿರಬಹುದು, ಧ್ವನಿತಂತುವೊಂದು ನಿಶ್ಚಲವಾಗಿರಲೂಬಹುದು. ಕಿವಿಯೊಂದರಿಂದಲೇ ಈ ಭೇದವನ್ನು ನಿಶ್ಚಯಿಸಲಾಗದು. ಆದರೆ ನಿಶ್ಚಯಿಸದೆ ಬಿಡುವಂತೆಯೂ ಇಲ್ಲ. ಧ್ವನಿತಂತುಗಳು ಉಸಿರೆಳೆದಾಗ ಅಗಲಿ ಗಾಳಿಗೆ ದಾರಿ ಬಿಡುತ್ತವೆ. ನುಂಗುವಾಗ ಕೂಡಿ ಶ್ವಾಸನಾಳವನ್ನು ಕಾಯುತ್ತವೆ. ಒಂದು ತಂತು ಚಲಿಸದಿದ್ದರೆ ಕುಡಿಸಿದ ಹಾಲು ಕೆಮ್ಮನ್ನೂ ಬರಿಸದೆ ಶ್ವಾಸಕೋಶಕ್ಕೆ ಇಳಿಯಬಹುದು. ಎರಡೂ ನಡುವೆ ನಿಂತುಬಿಟ್ಟರೆ ಉಸಿರೇ ಕಟ್ಟಬಹುದು.

ಹೃದಯಕ್ಕೂ ಧ್ವನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಎಡ ಧ್ವನಿತಂತುವನ್ನು ಆಡಿಸುವ ನರವು ನೇರವಾಗಿ ಧ್ವನಿಪೆಟ್ಟಿಗೆಗೆ ಬರದೆ ಎದೆಯೊಳಕ್ಕಿಳಿದು, ಮಹಾಪಧಮನಿಯ ಕಮಾನನ್ನು ಬಳಸಿ, ಮತ್ತೆ ಕುತ್ತಿಗೆಗೆ ಏರುತ್ತದೆ. ಬಲಗಡೆಯ ನರ ಇಷ್ಟು ಆಳಕ್ಕೆ ಇಳಿಯುವುದಿಲ್ಲ. ಹುಟ್ಟಿದ ಬಳಿಕ ಮುಚ್ಚಿಹೋಗದೆ ಉಳಿದ ಅಪಧಮನಿನಾಳವನ್ನು ಕಟ್ಟುವಾಗ, ಅಥವಾ ಕಮಾನನ್ನು ಸರಿಪಡಿಸುವಾಗ, ಪಕ್ಕದಲ್ಲೇ ಇರುವ ಈ ನರಕ್ಕೆ ಪೆಟ್ಟಾಗುವ ಸಂಭವವಿದೆ.

ಸಂಗೀತಾಧ್ಯಾಪಕ ಮಾನ್ಯುಯೆಲ್ ಗಾರ್ಸಿಯ 1854ರಲ್ಲಿ ಪುಟ್ಟ ಕನ್ನಡಿಯ ಮತ್ತು ಬಿಸಿಲಿನ ನೆರವಿನಿಂದ ತನ್ನ ಧ್ವನಿತಂತುಗಳನ್ನು ತಾನೇ ಕಂಡನು. ಇಂದು ಮೂಗಿನ ಮೂಲಕ ಇಳಿಸುವ ಬಾಗುವ ಅಂತರ್ದರ್ಶಕವೇ ಪ್ರಮಾಣಭೂತವಾದ ಸಾಧನ. ಆದರೆ ತೀವ್ರ ಅಸ್ವಸ್ಥ ಶಿಶುವಿನಲ್ಲಿ ಅದರಿಂದ ರಕ್ತದ ಆಮ್ಲಜನಕ ಕುಗ್ಗುವ, ನಾಡಿ ನಿಧಾನವಾಗುವ ಭಯವುಂಟು.

ಶ್ರವಣಾತೀತ ಧ್ವನಿಯ ಪರೀಕ್ಷೆಯಲ್ಲಿ ಗಂಟಲೊಳಕ್ಕೆ ಏನನ್ನೂ ಇಳಿಸಬೇಕಾಗಿಲ್ಲ. ಜೆಲ್ ಸವರಿದ ಶೋಧಕವನ್ನು ಕುತ್ತಿಗೆಯ ಮುಂಭಾಗದಲ್ಲಿ, ಥೈರಾಯ್ಡ್ ಮೃದ್ವಸ್ಥಿಯ ಮೇಲೆ ಅಡ್ಡಲಾಗಿ ಹಿಡಿದರೆ ಸಾಕು. ವಯಸ್ಸಾದಂತೆ ಈ ಮೃದ್ವಸ್ಥಿಯಲ್ಲಿ ಸುಣ್ಣದಂಶ ಸೇರಿ ಧ್ವನಿಯನ್ನು ತಡೆಯುತ್ತದೆ. ಮಕ್ಕಳಲ್ಲಿ ಆ ತಡೆಯಿಲ್ಲ. ಮೃದು ಅಂಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು; ಆವೃತ್ತಿ 10 ಮೆಗಾಹರ್ಟ್ಸ್ ಇದ್ದರೆ ಅಲೆಯ ಉದ್ದ ಸುಮಾರು 0.15 ಮಿಲಿಮೀಟರು. ಶಿಶುವಿನ ಪುಟ್ಟ ತಂತುಗಳನ್ನೂ ಗುರುತಿಸಲು ಸಾಧ್ಯವಾಗುವುದು ಈ ಸೂಕ್ಷ್ಮತೆಯಿಂದಲೇ. ತೆರೆಯ ಮೇಲೆ ಅವು ಮುಂದೆ ಕೂಡಿ ಹಿಂದೆ ಅಗಲಿದ ಎರಡು ಕಪ್ಪು ಪಟ್ಟಿಗಳಂತೆ, ತ್ರಿಕೋನದ ಎರಡು ಬಾಹುಗಳಾಗಿ ತೋರುತ್ತವೆ. ಉಸಿರೆಳೆದಾಗ ತ್ರಿಕೋನವು ತೆರೆಯಬೇಕು, ಅತ್ತಾಗ ಮುಚ್ಚಬೇಕು. ಒಂದು ಬಾಹು ಚಲಿಸಿ ಮತ್ತೊಂದು ಹಾಗೆಯೇ ನಿಂತರೆ, ನಿಂತ ಕಡೆಯ ತಂತು ದುರ್ಬಲವೆಂದು ಶಂಕಿಸುತ್ತೇವೆ.

ಈ ವಿಧಾನದ ಮಿತಿಗಳನ್ನೂ ನಾವು ಮರೆಯಲಾಗದು. ನಳಿಕೆಯು ಗಂಟಲಲ್ಲಿರುವಾಗ ತಂತುಗಳು ಸಹಜವಾಗಿ ಚಲಿಸಲಾರವು. ಅದನ್ನು ತೆಗೆದ ಬಳಿಕವೇ ನಿರ್ಣಯ ಸಲ್ಲುತ್ತದೆ. ಗಾಳಿಯು ಧ್ವನಿಯನ್ನು ಹಿಂದಕ್ಕೆ ತಳ್ಳುವುದರಿಂದ ಒಳಪೊರೆಯ ಗಾಯಗಳು ಚೆನ್ನಾಗಿ ಕಾಣವು. ಹಾಲು ಎತ್ತ ಇಳಿಯುತ್ತಿದೆಯೆಂಬುದನ್ನೂ ಈ ಪರೀಕ್ಷೆ ಹೇಳದು. ಪರೀಕ್ಷಕನ ಅಭ್ಯಾಸವನ್ನೂ ಫಲವು ಅವಲಂಬಿಸಿದೆ. ಆದುದರಿಂದ ಎರಡೂ ತಂತುಗಳು ಸಮವಾಗಿ ಚಲಿಸುವುದು ಸ್ಪಷ್ಟವಾಗಿ ಕಂಡರೆ ಅನೇಕ ವೇಳೆ ಮಗುವನ್ನು ಅಂತರ್ದರ್ಶನದ ಶ್ರಮದಿಂದ ಉಳಿಸಬಹುದು. ಸಂದೇಹ ಉಳಿದರೆ ಅಂತರ್ದರ್ಶನವನ್ನೇ ಮಾಡಬೇಕು, ಅಲ್ಲಿಯವರೆಗೆ ಬಾಯಿಂದ ಹಾಲೂಡಿಸುವುದರಲ್ಲಿ ಎಚ್ಚರ ವಹಿಸಬೇಕು.