ಒಂದೇ ತಂತಿ, ಹಲವು ಮನೆ

ಸಾಂಗಲಿ ಜಿಲ್ಲೆಯ ಸಮಡೋಳಿಯ ಹೆಸರನ್ನು ಜೈನ ಬಾಂಧವರು ಬಲ್ಲರು. ಬೆಳಗಾವಿ ಸೀಮೆಯ ಶಾಂತಿಸಾಗರ ಮುನಿಗಳಿಗೆ 1924ರಲ್ಲಿ ಆಚಾರ್ಯ ಪದವಿ ದೊರೆತದ್ದು ಅಲ್ಲಿಯೇ. ಆ ಊರಿನ ಕನ್ನಡದ ಮನೆಯೊಂದು ತಾನೇ ಮುದ್ರಿಸಿಕೊಂಡ ಪ್ರವಚನವನ್ನು ಮಂಜೇಶ್ವರದ ಗೆಳೆಯರಿಗೆ ಕಳುಹಿಸಬಯಸುತ್ತದೆ ಎಂದಿಟ್ಟುಕೊಳ್ಳೋಣ. ಪೇಟೆಯಲ್ಲಿ ಕನ್ನಡದ ಸರಕು ಅಪರೂಪವಾಗಿರುವ ನಮ್ಮಂಥ ಗಡಿನಾಡಿನವರಿಗೆ ಕೈಯಿಂದ ಕೈಗೆ ದಾಟಿಸುವುದೇ ದಾರಿಯಲ್ಲವೇ?

ಗಣಕಯಂತ್ರದಲ್ಲಿ ಇದಕ್ಕೊಂದು ಉಪಾಯವಿದೆ. 2001ರಲ್ಲಿ ಅಮೇರಿಕದ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟಿನಲ್ಲಿ ಕಡತವು ತುಂಡುತುಂಡಾಗಿ ಸಾಗುತ್ತದೆ. ಪಡೆದವನೇ ಮರುಗಳಿಗೆಯಲ್ಲಿ ಕೊಡುವವನೂ ಆಗುತ್ತಾನೆ. ನಡುವೆ ದೊಡ್ಡ ಉಗ್ರಾಣ ಬೇಡ.

ತೊಂದರೆ ಇರುವುದು ತಂತಿಯಲ್ಲಿ. ಟಿ.ವಿ. ಕೇಬಲನ್ನು ಎಳೆದದ್ದು ಮನೆಗೆ ಚಿತ್ರ ತರಲು. ಮನೆಯಿಂದ ಹೊರಕ್ಕೆ ಕಳುಹಿಸಲಲ್ಲ. 1997ರ ಮೊದಲ ಡಾಕ್ಸಿಸ್ ನಿಯಮಾವಳಿಯಲ್ಲಿ ಒಳಬರುವ ಒಂದು ಚಾನೆಲಿಗೆ ಸೆಕೆಂಡಿಗೆ ಸುಮಾರು 40 ಮೆಗಾಬಿಟ್, ಹೊರಹೋಗುವುದಕ್ಕೆ ಹೆಚ್ಚೆಂದರೆ ಸುಮಾರು 10. ಅದೂ ಆ ತಂತಿಯ ಎಲ್ಲ ಮನೆಗಳಿಗೂ ಸೇರಿ! ಕೆಲವೇ ಮನೆಗಳವರು ಹಗಲಿರುಳು ಹಂಚುತ್ತ ಕುಳಿತರೆ ಹೊರದಾರಿ ಕಟ್ಟಿತು. ನೆರೆಯವರು ಏನನ್ನೂ ಕಳುಹಿಸದಿದ್ದರೂ ಅವರಿಗೂ ಬಿಸಿ ತಟ್ಟುತ್ತದೆ. ಒಳಬಂದ ಸರಕಿಗೆ ‘ತಲುಪಿತು’ ಎಂಬ ರಸೀದಿ ಹೋಗಬೇಕಾದದ್ದು ಅದೇ ಇಕ್ಕಟ್ಟಿನ ದಾರಿಯಲ್ಲಿ.

ಹಾಗೆಂದು ಕಂಪೆನಿ ಮಾಡಿದ್ದೆಲ್ಲ ಸರಿಯೇ? 2007ರಲ್ಲಿ ಅಮೇರಿಕದ ಕಾಮ್‌ಕಾಸ್ಟ್ ಕೇಬಲು ಕಂಪೆನಿಯು ಸಂಪರ್ಕ ಕಡಿಯುವ ಸುಳ್ಳು ಸಂದೇಶ ಕಳುಹಿಸಿ ಇಂಥ ಹಂಚಿಕೆಗೆ ತಡೆಯೊಡ್ಡುತ್ತಿದ್ದುದು ಬಯಲಾಯಿತು. ಅಸೋಸಿಯೇಟೆಡ್ ಪ್ರೆಸ್ ಪರೀಕ್ಷೆಗೆ ಬಳಸಿದ್ದು ಬೈಬಲಿನ ಕಡತವನ್ನು. ಅದಕ್ಕೂ ತಡೆ ಬಿತ್ತು! 2008ರ ಆಗಸ್ಟಿನಲ್ಲಿ ಅಲ್ಲಿನ ಸಂಪರ್ಕ ಆಯೋಗವು ಇದು ತಪ್ಪೆಂದು ತೀರ್ಮಾನಿಸಿತು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು 2010ರಲ್ಲಿ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಗೊಳಿಸಿತು. ಆದರೆ ಅಷ್ಟರಲ್ಲೇ ಕಂಪೆನಿಯು ದಾರಿ ಬದಲಿಸಿತ್ತು: ಕಳುಹಿಸುವುದೇನೆಂದು ನೋಡದೆ, ದಟ್ಟಣೆಯ ವೇಳೆಯಲ್ಲಿ ಮಾತ್ರ ಅತಿಬಳಕೆದಾರರನ್ನು ತುಸು ಹಿಂದೆ ಸರಿಸುವುದು.

ನಮಗೆ ಒಪ್ಪಿಗೆಯಾಗುವುದು ಇದೇ ನ್ಯಾಯ. ಭಾರತವೂ 2018ರಲ್ಲಿ ಜಾಲದ ಸಮಾನತೆಯ ತತ್ವವನ್ನು ಅಂಗೀಕರಿಸಿದೆ. ಪರರ ಚಲನಚಿತ್ರವನ್ನು ಅನುಮತಿಯಿಲ್ಲದೆ ಹಂಚುವುದು ಅಪರಾಧವೇ. ಆದರೆ ನಮ್ಮದೇ ಪ್ರವಚನ, ನಮ್ಮದೇ ಯಕ್ಷಗಾನದ ಮುದ್ರಿಕೆಯನ್ನು ಹಂಚಲು ಯಾರ ಅಪ್ಪಣೆಯೂ ಬೇಡ. ಅದಕ್ಕೆ ವೇಗದ ಮಿತಿ ಹಾಕಿ, ಊರು ಮಲಗಿದ ಮೇಲೆ ಕಳುಹಿಸಿದರಾಯಿತು. ಹಂಚಿಕೊಳ್ಳುವವರು ತಂತಿಯನ್ನೂ ಹಂಚಿಕೊಳ್ಳಲು ಕಲಿಯಬೇಕು.