ಮನೆಯೊಳಗೆ ಕೆಸುವಿನ ಗಡ್ಡೆ

ಗೆಣಸು, ಮರಗೆಣಸುಗಳಿಗೆ ತುಂಬು ಬಿಸಿಲು ಬೇಕು. ಮನೆಯೊಳಗಿಟ್ಟರೆ ಸೊಪ್ಪು ಬೆಳೆದೀತೇ ಹೊರತು ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ. ಅರೆನೆರಳನ್ನೂ ತೇವವನ್ನೂ ಸಹಿಸುವ ಗಡ್ಡೆ ತರಕಾರಿ ಕೆಸು. ಹಿತ್ತಿಲಿಲ್ಲದವರೂ ಇದನ್ನು ಜಗಲಿಯಲ್ಲಿ ಅಥವಾ ಕಿಟಕಿಯ ಬಳಿ ಬೆಳೆಯಬಹುದು.

ನೆರಳು ಸಹಿಸುತ್ತದೆಂದು ಕತ್ತಲೆ ಮೂಲೆಯಲ್ಲಿ ಇಡಬಾರದು. ಗಡ್ಡೆಯಲ್ಲಿ ಪಿಷ್ಟವಾಗಿ ಶೇಖರವಾಗುವ ಆಹಾರವು ಎಲೆಯಲ್ಲಿ, ಬೆಳಕಿನ ಸಹಾಯದಿಂದಲೇ ತಯಾರಾಗುತ್ತದೆ. ಆದ್ದರಿಂದ ದಿನಕ್ಕೆ ಕೆಲವು ಗಂಟೆಗಳಾದರೂ ಬಿಸಿಲು ಬೀಳುವ ಜಾಗ ಉತ್ತಮ. ಪತ್ರೊಡೆಗೆಂದು ಎಲೆಗಳನ್ನೆಲ್ಲ ಕೊಯ್ದರೂ ಗಡ್ಡೆ ಸಣ್ಣದಾಗುತ್ತದೆ.

ಬೇಸಿಗೆಯ ಕೊನೆಯಲ್ಲಿ, ಸುಮಾರು ೨೫ ಗ್ರಾಂ ತೂಕದ, ಕೊಳೆಯಿಲ್ಲದ ಮರಿಗಡ್ಡೆಗಳನ್ನು ಆರಿಸಿಕೊಳ್ಳಿ. ತಳದಲ್ಲಿ ತೂತುಗಳಿರುವ, ೩೦ ಸೆಂ.ಮೀ. ಆಳದ ಕುಂಡ ಅಥವಾ ಹಳೆಯ ಗೋಣಿಚೀಲ ಸಾಕು. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಬೆರೆಸಿ ತುಂಬಬೇಕು. ಕುಂಡಕ್ಕೊಂದರಂತೆ ಗಡ್ಡೆಯನ್ನು ಮೊಳಕೆ ಮೇಲ್ಮುಖವಾಗಿರುವಂತೆ ೫ ಸೆಂ.ಮೀ. ಆಳದಲ್ಲಿ ನೆಡಬೇಕು. ಮಣ್ಣು ಒಣಗಲು ಬಿಡಬಾರದು. ಎರಡು ತಿಂಗಳಿಗೆ ಗೊಬ್ಬರ ಸೇರಿಸಿದ ಮಣ್ಣನ್ನು ಬುಡಕ್ಕೆ ಏರಿಸಬೇಕು. ಸುಮಾರು ಆರೇಳು ತಿಂಗಳಲ್ಲಿ ಎಲೆಗಳು ಹಳದಿಯಾಗಿ ಬಾಡತೊಡಗಿದಾಗ ನೀರು ನಿಲ್ಲಿಸಿ, ಕೆಲವು ದಿನಗಳ ನಂತರ ಗಡ್ಡೆ ಕೀಳಬಹುದು. ಮುಂದಿನ ನಾಟಿಗೆ ಕೆಲವನ್ನು ನೆರಳಿನಲ್ಲಿ ಒಣ ಮರಳಿನಲ್ಲಿ ಇಡಿ.

ಎಚ್ಚರಿಕೆ: ಕೆಸುವಿನ ಎಲೆ, ದಂಟು, ಗಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಬಾಯಿ, ಗಂಟಲು ತುರಿಸುವುದು ಇವುಗಳಿಂದಲೇ. ಹಸಿಯಾಗಿ ತಿನ್ನಬಾರದು, ಹುಣಿಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು. ಅಂದಕ್ಕಾಗಿ ಬೆಳೆಸುವ, ಕೆಸುವನ್ನೇ ಹೋಲುವ ಬಣ್ಣದೆಲೆಯ ಗಿಡಗಳು ಅಡಿಗೆಗೆ ಸಲ್ಲವು. ಎರಡನ್ನೂ ಒಟ್ಟಿಗೆ ಇಡದಿರುವುದು ಕ್ಷೇಮ. ಮಕ್ಕಳಿರುವ ಮನೆಯಲ್ಲಂತೂ ಈ ಎಚ್ಚರ ಅತ್ಯಗತ್ಯ.