ಕಿಶೋರರ ಭಯಾದ್ಭುತ ಕಥನ ಮತ್ತು ಮಲೆ ಮಾದೇಶ್ವರ ಕಾವ್ಯ

ಹದಿಹರೆಯದ ಓದುಗರಿಗಾಗಿ ರಚಿತವಾಗುವ, ಭಯಾನಕ ಹಾಗೂ ಅದ್ಭುತ ರಸಗಳು ಬೆರೆತ ಸಾಹಸ ಕಾದಂಬರಿಯನ್ನು ಪಾಶ್ಚಾತ್ಯ ಪ್ರಕಾರವೆಂದು ಭಾವಿಸುವುದು ರೂಢಿ. ಕನ್ನಡದಲ್ಲಿ ಅದರ ಪೂರ್ವರೂಪವನ್ನು ಅರಸುವವರು ಸಾಮಾನ್ಯವಾಗಿ 1949ರಲ್ಲಿ ಆರಂಭವಾದ ಕನ್ನಡ ‘ಚಂದಮಾಮ’ದ ಧಾರಾವಾಹಿಗಳವರೆಗೆ ಹೋಗಿ ನಿಲ್ಲುತ್ತಾರೆ. ಅದಕ್ಕೂ ಹಿಂದಿನ ಮೌಖಿಕ ನೆಲೆಯೊಂದನ್ನು ಮಲೆ ಮಾದೇಶ್ವರ ಕಾವ್ಯದಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನಕಪುರ ತಾಲ್ಲೂಕಿನ ಸಾತನೂರು ಪರಿಸರಕ್ಕೆ ಈ ಕಾವ್ಯ ಹೊರಗಿನದಲ್ಲ. ಶಿವರಾತ್ರಿಯ ಸಂದರ್ಭದಲ್ಲಿ ಕನಕಪುರ ಸೀಮೆಯ ಭಕ್ತರು ಸಂಗಮದ ಮಾರ್ಗವಾಗಿ ಕಾವೇರಿಯನ್ನು ದಾಟಿ, ಕಾಡುದಾರಿಯಲ್ಲಿ ನಡೆದು ಮಾದಪ್ಪನ ಬೆಟ್ಟವನ್ನು ಸೇರುತ್ತಾರೆ. ಹಿರಿಯರೊಂದಿಗೆ ಹೆಜ್ಜೆ ಹಾಕುವ ಹುಡುಗರ ಪಾಲಿಗೆ ಕಾವ್ಯದ ಕಾಡೂ ಕಾಲ್ನಡಿಗೆಯ ಕಾಡೂ ಒಂದೇ.

ಕಾವ್ಯದ ಭಯಕ್ಕೆ ಎರಡು ಮುಖಗಳಿವೆ. ಬಂಕಾಪುರಿಯ ಶ್ರವಣ ದೊರೆ ದೇವತೆಗಳನ್ನೇ ಸೆರೆಯಲ್ಲಿಟ್ಟು ಅವರಿಂದ ಊಳಿಗ ಮಾಡಿಸುವವನು. ಇದು ಹೊರಗಿನ ಭಯ. ಸಂಕಮ್ಮನ ಸಾಲಿನಲ್ಲಿ ಭಯ ಮನೆಯೊಳಗಿನದು: ಹೆಂಡತಿಯ ಶೀಲವನ್ನು ಶಂಕಿಸಿದ ಗಂಡ, ಆಕೆಯಿಂದ ಬಲಗೈ ಭಾಷೆ ದೊರೆಯದಾಗ ಅವಳನ್ನು ಹಿಂಸೆಗೆ ಗುರಿಪಡಿಸಿ ಕಾಡಿಗೆ ತೆರಳುತ್ತಾನೆ. ಕಾವ್ಯ ಈ ಕ್ರೌರ್ಯವನ್ನು ಮರೆಮಾಚುವುದಿಲ್ಲ. ಆದರೆ ಕೇಳುಗನನ್ನು ಅದರಲ್ಲಿ ಒಂಟಿಯಾಗಿ ಬಿಡುವುದೂ ಇಲ್ಲ.

ಇದು ಎರಡು ಬಗೆಯಲ್ಲಿ ಸಾಧ್ಯವಾಗುತ್ತದೆ. ಮೊದಲನೆಯದು ಪ್ರದರ್ಶನದ ಸ್ವರೂಪ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವಾಗ ಮುಖ್ಯ ಗಾಯಕನ ಸೊಲ್ಲಿಗೆ ಹಿಮ್ಮೇಳದವರು ದನಿಗೂಡಿಸುತ್ತಾರೆ. ಮಗು ಆ ಭಯವನ್ನು ಅನುಭವಿಸುವುದು ಜನರ ನಡುವೆ ಕುಳಿತು. ಎರಡನೆಯದು ಕಥೆಯ ತಿರುಳು. ಶ್ರವಣನ ಸಂಹಾರಕ್ಕೆ ಮಾದಪ್ಪ ಕೇವಲ ತನ್ನ ಮಹಿಮೆಯನ್ನು ನೆಚ್ಚುವುದಿಲ್ಲ; ಹರಳಯ್ಯನಿಂದ ಪಾದರಕ್ಷೆ ಮಾಡಿಸುತ್ತಾನೆ, ದೊರೆಯ ಅಂತ್ಯಕ್ಕೆ ಅದೇ ಕಾರಣವಾಗುತ್ತದೆ. ದೇವತೆಗಳನ್ನು ಸೆರೆಯಿಂದ ಬಿಡಿಸುವಲ್ಲಿ ಚರ್ಮದ ಕಾಯಕದವನ ಕೈಕೆಲಸಕ್ಕೂ ಪಾಲಿದೆ ಎಂಬುದು ಗಮನಾರ್ಹ.

ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ, ಕೇಶವನ್ ಪ್ರಸಾದ್ ಸಂಪಾದಿಸಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಅದರ ಇಂಗ್ಲಿಷ್ ಅನುವಾದ 2001ರಲ್ಲಿ ಸಾಹಿತ್ಯ ಅಕಾದೆಮಿಯಿಂದ ಹೊರಬಂದಿತು. ಹೀಗಾಗಿ ಕಿಶೋರ ಕಾದಂಬರಿಕಾರರಿಗೆ ಆಕರದ ಕೊರತೆಯಿಲ್ಲ. ಎಚ್ಚರ ಬೇಕಾಗಿರುವುದು ಆಯ್ಕೆಯಲ್ಲಿ. ಪುಸ್ತಕ ಹಿಡಿದ ಹುಡುಗನಿಗೆ ಹಿಮ್ಮೇಳದ ಆಸರೆಯಿಲ್ಲ. ಆ ಜೊತೆಯನ್ನು ಕಥೆಯೇ ಒದಗಿಸಬೇಕು. ಶ್ರವಣನನ್ನು ಎತ್ತಿಕೊಂಡು ಹರಳಯ್ಯನನ್ನು ಕೈಬಿಟ್ಟರೆ ಭಯವಷ್ಟೇ ಉಳಿಯುತ್ತದೆ. ಅದನ್ನು ದಾಟುವ ದಾರಿ ಉಳಿಯುವುದಿಲ್ಲ.